ಪರ್ಮಿಷನ್ ಸಿಗದಿದ್ದರೂ ರಸ್ತೆಗೆ ಕೂರಬೇಕಾ? ಕೂತವರು ಹೇಳಿ

ಕೊನೇ_ತೂಬು

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆ ಒಂದು ಹಳ್ಳಿ ನಮ್ಮದು. ಊರ ಹೆಸರು ಬೇಡ, ಯಾಕೆ ಅಂತ ಓದಿದರೆ ಗೊತ್ತಾಗುತ್ತೆ. ಭದ್ರಾ ನಾಲೆಯ ಕೊನೇ ಭಾಗ. ಡ್ಯಾಮ್‌ನಲ್ಲಿ ನೀರಿದೆ. ನಾಲೆಗೆ ಬಿಟ್ಟು ಇಪ್ಪತ್ತೆರಡು ದಿನ ಆಯ್ತು. ಮೇಲಿನ ಊರುಗಳಲ್ಲಿ ನಾಟಿ ಮುಗಿದು ಗದ್ದೆ ಹಸಿರಾಗಿದೆ. ನಮ್ಮ ಉಪನಾಲೆಯಲ್ಲಿ ಮೊಣಕಾಲುದ್ದ ಹೂಳು, ಅದರ ಮೇಲೆ ಜೊಂಡು. ಸಸಿಮಡಿಗೆ ಮೂವತ್ತು ದಿನ ದಾಟಿತು. ಟ್ಯಾಂಕರ್ ನೀರು ಹಾಕಿ ಮಡಿ ಉಳಿಸಿಕೊಂಡಿದ್ದೇವೆ, ಗದ್ದೆಗೆ ಅದು ಎಲ್ಲಿ ಸಾಕಾಗುತ್ತೆ.

ಮನವಿ ಮೂರು ಸಲ ಕೊಟ್ಟೆವು. ಮೂರೂ ಸಲ ಫೋಟೋ ಆಯ್ತು. ಒಂದು ಸಲ ಪೇಪರ್‌ನಲ್ಲೂ ಬಂತು, 'ಮನವಿ ಸ್ವೀಕರಿಸಿದರು' ಅಂತ. ನೀರು ಬರಲಿಲ್ಲ.

ಈಗ ಊರವರು ಸೋಮವಾರ ಹೆದ್ದಾರಿ ಕ್ರಾಸ್‌ನಲ್ಲಿ ಕೂರೋಣ ಅಂತಿದ್ದಾರೆ. ಅರ್ಜಿ ಕೊಟ್ಟರೆ ಬಾಯಿಮಾತಲ್ಲಿ 'ಹೆದ್ದಾರಿ ಅಂದ್ರೆ ಆಗಲ್ಲ' ಅಂದರು. ಅದನ್ನೇ ಬರೆದುಕೊಡಿ ಅಂದರೆ ಬರೆದೂ ಕೊಡಲಿಲ್ಲ. ಡಿಗ್ರಿ ಓದಿದವನು ನೀನೇ ಮುಂದೆ ನಿಲ್ಲು ಅಂತ ಊರವರು ನನ್ನ ಹಿಂದೆ ಬಿದ್ದಿದ್ದಾರೆ. ತಮ್ಮ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ, ಅವನೂ ಬರ್ತೀನಿ ಅಂತಾನೆ. ಅವ್ವ ಇಬ್ಬರಿಗೂ ಬೇಡ ಅಂತಾಳೆ.

ಪರ್ಮಿಷನ್ ಇಲ್ಲದೆ ಕೂತರೆ ನಿಜಕ್ಕೂ ಏನಾಗುತ್ತೆ? ಕೂತರೆ ಕೆಲಸ ಆಗುತ್ತಾ? ಭಾಷಣ ಬೇಡ, ಕೂತವರು ಹೇಳಿ.

ಹರಿಹರ_ಪ್ಯಾಸೆಂಜರ್

ಕೂರಿ. ಕೂರದೆ ಯಾರಿಗೆ ನೀರು ಬಂದಿದೆ?

ಖಾಲಿ_ದೋಸೆ

ಊರ ಹೆಸರು ಹೇಳದಿದ್ದರೂ ಗೊತ್ತಾಯ್ತು ಅಣ್ಣ. ಕೊನೇ ಭಾಗದ ಊರೆಲ್ಲ ಒಂದೇ ಥರ ತಾನೇ 😄

ಮಂಡಿಪೇಟೆ_ಅಂಗಡಿ

ನಿಮ್ಮ ಕಷ್ಟ ನಿಜ, ಒಪ್ತೀನಿ. ಆದರೆ ನಮ್ಮದನ್ನೂ ಕೇಳಿ. ಈ ಊರಲ್ಲಿ ಏನೇ ಆಗಲಿ, ಮೊದಲು ಜಯದೇವ ಸರ್ಕಲ್ ಬಂದ್, ಆಮೇಲೆ ಗಾಂಧಿ ಸರ್ಕಲ್ ಬಂದ್, ಪಿ.ಬಿ. ರಸ್ತೆ ಜಾಮ್. ಕಾವೇರಿಗೂ ನಮ್ಮ ಶಟರ್, ಭದ್ರಾಕ್ಕೂ ನಮ್ಮ ಶಟರ್, ದಿಲ್ಲಿಯಲ್ಲಿ ಯಾರಿಗೋ ಬೈದರೂ ನಮ್ಮ ಶಟರ್. ದಿನಕ್ಕೆ ಐನೂರು ರೂಪಾಯಿಗೆ ಬರುವ ಹಮಾಲಿ ಅವತ್ತು ಬರಿಗೈಲಿ ಮನೆಗೆ ಹೋಗ್ತಾನೆ. ಬಲವಂತದ ಬಂದ್ ಕಾನೂನುಬಾಹಿರ ಅಂತ ಕೇರಳ ಹೈಕೋರ್ಟ್ 1997ರಲ್ಲೇ ಹೇಳಿದೆ, ಅದೇ ವರ್ಷ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಯಾರು ಕೇಳ್ತಾರೆ?

ಹರಿಹರ_ಪ್ಯಾಸೆಂಜರ್

ಅವರು ಬಂದ್ ಅಂದ್ರಾ? ಕ್ರಾಸ್‌ನಲ್ಲಿ ಕೂರ್ತೀವಿ ಅಂದ್ರು. ಓದಿ ಬರೀರಿ ಸಾಹುಕಾರ್ರೇ.

ಮಂಡಿಪೇಟೆ_ಅಂಗಡಿ

ಇವತ್ತು ಕ್ರಾಸ್, ನಾಳೆ ಸರ್ಕಲ್. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ.

ನಿವೃತ್ತ_ಖಾಕಿ

ಮೂವತ್ತೆರಡು ವರ್ಷ ಸರ್ವಿಸ್ ಮಾಡಿ ರಿಟೈರ್ ಆದವನು ನಾನು. ಬಂದೋಬಸ್ತ್‌ನಲ್ಲಿ ನಿಂತ ಹೊತ್ತು ಲೆಕ್ಕ ಹಾಕಿದರೆ ಮನೇಲಿ ಮಲಗಿದ್ದಕ್ಕಿಂತ ಜಾಸ್ತಿ ಇರಬಹುದು. ಏನಾಗುತ್ತೆ ಅಂತ ಕೇಳಿದಿರಲ್ಲ, ಆ ಕಡೆಯಿಂದ ನೋಡಿದವನು ಹೇಳ್ತೀನಿ.

ನೀವು ಸೋಮವಾರ ಕೂರ್ತೀರಿ ಅಂತ ಭಾನುವಾರ ಸಂಜೆಯೇ ನಮಗೆ ಗೊತ್ತಿರುತ್ತೆ. ಯಾರ ಜಗಲಿ ಮೇಲೆ ಮೀಟಿಂಗ್ ಆಯ್ತು, ಶಾಮಿಯಾನ ಯಾರದ್ದು, ಮೈಕ್ ಸೆಟ್ ಯಾರದ್ದು, ಎಲ್ಲ. ಮೊದಲ ಫೋನು ಹೋಗೋದು ನಿಮಗಲ್ಲ, ಶಾಮಿಯಾನದವನಿಗೆ. ಅವನು 'ಬೇರೆ ಕಡೆ ಬುಕಿಂಗ್ ಇದೆ' ಅಂದ ಅಂದ್ರೆ ಅರ್ಧ ಹೋರಾಟ ಬಿಸಿಲಿಗೇ ಕರಗುತ್ತೆ. ಅನುಭವ ಇದ್ದವರು ಅದಕ್ಕೇ ಛತ್ರಿ ತರ್ತಾರೆ.

ಮೊದಲ ಅರ್ಧ ಗಂಟೆ ಯಾರೂ ನಿಮ್ಮನ್ನು ಮುಟ್ಟಲ್ಲ. ಲಾರಿ ಸಾಲು ಉದ್ದ ಆದಂತೆ ವೈರ್‌ಲೆಸ್‌ನಲ್ಲಿ ಬಿಸಿ ಏರುತ್ತೆ. ಆಮೇಲೆ ಸಾಹೇಬರು ಬಂದು ನಯವಾಗಿ ಮಾತಾಡ್ತಾರೆ. ಆಮೇಲೆ ಐದು ನಿಮಿಷ ಟೈಮ್ ಕೊಡ್ತಾರೆ. ಎದ್ದರೆ ಸರಿ. ಏಳದಿದ್ದರೆ ಬಸ್ಸು ರೆಡಿ ಇರುತ್ತೆ. ಬಸ್ ಹತ್ತಿಸುವಾಗ ಕೈ ಕೊಸರಬೇಡಿ. ಒಬ್ಬ ಹುಡುಗ ಪೇದೆಯ ಕಾಲರ್‌ಗೆ ಕೈ ಹಾಕಿದ ಅಂದ್ರೆ ಸಾಕು, ಕೇಸಿನ ಬಣ್ಣವೇ ಬೇರೆ. ಸರ್ಕಾರಿ ನೌಕರನ ಮೇಲೆ ಹಲ್ಲೆ ಅಂತ ಆಗುತ್ತೆ, ಅವತ್ತು ಸಂಜೆ ಬಿಡೋ ಮಾತೇ ಇಲ್ಲ.

ಇಲ್ಲ ಅಂದ್ರೆ ಮೈದಾನದಲ್ಲೋ ಕಲ್ಯಾಣ ಮಂಟಪದಲ್ಲೋ ಕೂರಿಸಿ, ಹೆಸರು, ಊರು, ವಯಸ್ಸು, ಫೋನ್ ನಂಬರ್ ಬರೆದುಕೊಂಡು, ಚಿತ್ರಾನ್ನ ಕೊಟ್ಟು ಸಂಜೆ ಬಿಡ್ತಾರೆ. ನೀವು ಚಪ್ಪಾಳೆ ಹೊಡ್ಕೊಂಡು ಮನೆಗೆ ಹೋಗ್ತೀರಿ. ಆ ಬರೆದುಕೊಂಡ ಹಾಳೆ ಇದೆಯಲ್ಲ, ಅದು ಮಾತ್ರ ಮನೆಗೆ ಹೋಗಲ್ಲ.

ಖಾಲಿ_ದೋಸೆ

ಸರ್ ಒಂದು ಡೌಟು. ಆ ಚಿತ್ರಾನ್ನದ ಖರ್ಚು ಯಾರದ್ದು?

ನಿವೃತ್ತ_ಖಾಕಿ

ಮೊದಲು ನಮ್ಮ ಜೇಬು. ಆ ಬಿಲ್ಲು ಪಾಸಾಗೋಕೆ ನಾವೇ ಒಂದು ಧರಣಿ ಕೂರಬೇಕಿತ್ತು.

ದುರ್ಗದ_ಕೋಟೆ

ನಾನು ಚಿತ್ರದುರ್ಗದವನು. ಅನುಮತಿ ಅನುಮತಿ ಅಂತ ಯಾಕಿಷ್ಟು ಒದ್ದಾಟ? 1939ರಲ್ಲಿ ನಮ್ಮ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರಲ್ಲ, ಯಾವ ಡಿ.ಸಿ. ಸಹಿ ಹಾಕಿ ಕೊಟ್ಟಿದ್ದ? ನಿಜಲಿಂಗಪ್ಪನವರು ಅದಕ್ಕೇ ಜೈಲಿಗೆ ಹೋದರು. ಪರ್ಮಿಷನ್ ಕೇಳಿಕೊಂಡು ಕೂತಿದ್ದರೆ ಇವತ್ತಿಗೂ ಬ್ರಿಟಿಷರಿಗೆ ಸೆಲ್ಯೂಟ್ ಹೊಡೀತಾ ಇರ್ತಿದ್ದೆವು.

ಹಳೇ_ಮೇಷ್ಟ್ರು

ಚಿಕ್ಕ ತಿದ್ದುಪಡಿ. ತುರುವನೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಕೇಸು ಹಾಕಿದ್ದು ಬಿಳಿ ಸಾಹೇಬನಲ್ಲ, ಮಹಾರಾಜರ ಸರ್ಕಾರ. ಶಿವಪುರದ ಧ್ವಜ ಸತ್ಯಾಗ್ರಹವೂ ಅದೇ, 1938. ಬಾವುಟ ಹಾರಿಸಬಾರದು ಅಂತ ಆದೇಶ ಇತ್ತು, ಹಾರಿಸಿದರು. ಅದೇ ಏಪ್ರಿಲ್ ತಿಂಗಳಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಅಂದ್ರೆ ಗುಂಡು ಹಾರಿಸಿದವರೂ ಹೆಚ್ಚುಕಮ್ಮಿ ನಮ್ಮವರೇ. ಇದು ಯಾಕೆ ಹೇಳಿದೆ ಅಂದ್ರೆ, 'ಆಗ ಪರಕೀಯರು, ಈಗ ನಮ್ಮದೇ ಸರ್ಕಾರ, ಹಾಗಾಗಿ ನಿಯಮ ಮುರಿಯಬಾರದು' ಅಂತ ಯಾರಾದರೂ ಬರೆಯುತ್ತಾರೆ ಅಂತ ಕಾಯ್ತಾ ಇದ್ದೆ. ಅದು ಅಷ್ಟು ಸಲೀಸಲ್ಲ.

ಇನ್ನೊಂದು ತಮಾಷೆ. ಅವತ್ತು ಜೈಲಿಗೆ ಹೋದ ನಿಜಲಿಂಗಪ್ಪನವರೇ ಮುಂದೆ ಮುಖ್ಯಮಂತ್ರಿ ಆದರು. ಅವರ ಕಾಲದಲ್ಲೂ ಧರಣಿ ಕೂತವರನ್ನು ಪೊಲೀಸರು ಎತ್ತಿಕೊಂಡೇ ಹೋಗುತ್ತಿದ್ದರು. ಕುರ್ಚಿಗೆ ನೆನಪು ಕಮ್ಮಿ.

ಮಂಡಿಪೇಟೆ_ಅಂಗಡಿ

ನಾನೇ ಬರೆಯೋಣ ಅಂತಿದ್ದೆ ಮೇಷ್ಟ್ರೇ 😅 ಆದರೂ ಆಗ ವೋಟು ಇರಲಿಲ್ಲ, ಈಗ ಇದೆಯಲ್ಲ?

ಹಳೇ_ಮೇಷ್ಟ್ರು

ವೋಟು ಐದು ವರ್ಷಕ್ಕೆ ಒಂದು ಸಲ. ಸಸಿಮಡಿ ಮೂವತ್ತು ದಿನಕ್ಕೆ ಹೋಗುತ್ತೆ.

ಕರಿಕೋಟು

ವಕೀಲಿ ಮಾಡ್ತೀನಿ. ಇಲ್ಲಿ ಎರಡು ಮಾತು ಕಲಸಿಹೋಗಿದೆ, ಬಿಡಿಸ್ತೀನಿ.

ಆಯುಧ ಇಲ್ಲದೆ ಶಾಂತವಾಗಿ ಸೇರೋದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಪೊಲೀಸರು ಅದನ್ನು ನಿಯಂತ್ರಿಸಬಹುದು: ಎಲ್ಲಿ, ಎಷ್ಟು ಹೊತ್ತು, ಮೈಕ್ ಬೇಕಾ ಬೇಡವಾ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಸಭೆಯನ್ನೇ ಮನಸ್ಸಿಗೆ ಬಂದಂತೆ ಬೇಡ ಅನ್ನುವ ಅಧಿಕಾರ ಕೊಟ್ಟಿದ್ದ ಅಹಮದಾಬಾದಿನ ಒಂದು ನಿಯಮವನ್ನು ಸುಪ್ರೀಂ ಕೋರ್ಟ್ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಹೊಡೆದುಹಾಕಿತ್ತು. ಇನ್ನೊಂದು ಕಡೆ 2020ರ ಅಕ್ಟೋಬರ್‌ನಲ್ಲಿ ದಿಲ್ಲಿಯ ಶಾಹೀನ್ ಬಾಗ್ ಧರಣಿ ವಿಷಯದಲ್ಲಿ ಅದೇ ಕೋರ್ಟು, ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದುಕೊಂಡು ಕೂರುವಂತಿಲ್ಲ ಅಂದಿತು. ಎರಡೂ ತೀರ್ಪು ಜೇಬಲ್ಲಿ ಇಟ್ಟುಕೊಂಡೇ ನಾವು ವಾದ ಮಾಡೋದು.

ನಿಮ್ಮಲ್ಲಿ ನಿಷೇಧಾಜ್ಞೆ ಇದೆಯಾ ಇಲ್ಲವಾ ಮೊದಲು ನೋಡಿ. ಹಳೇ ಸಿಆರ್‌ಪಿಸಿ 144, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಅದು ಲಿಖಿತ ಆದೇಶ ಆಗಿರಬೇಕು, ಕಾರಣ ಇರಬೇಕು, ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಜಾಸ್ತಿ ನಿಲ್ಲಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಮೂರು ದಿನಕ್ಕೆ ಹಾಕಿದ್ದ 144 ಆದೇಶವನ್ನು ನಮ್ಮ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರ ಅಂದಿತು. ಆದರೆ ಗಮನಿಸಿ, ಅಷ್ಟರಲ್ಲಿ ಆ ಮೂರು ದಿನ ಮುಗಿದು ಎರಡು ತಿಂಗಳಾಗಿತ್ತು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಟೌನ್ ಹಾಲ್ ಹತ್ತಿರ ಎಳೆದುಕೊಂಡು ಹೋಗಿದ್ದು ಎಲ್ಲರೂ ಟಿ.ವಿ.ಯಲ್ಲಿ ನೋಡಿಯೂ ಆಗಿತ್ತು.

ಕೇಸು ಏನೇನು ಬೀಳಬಹುದು ಅಂದ್ರೆ, ಆದೇಶ ಮೀರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 223. ಹಳೇ ಐಪಿಸಿ 188ರಲ್ಲಿ ದಂಡ 200 ರೂಪಾಯಿ ಇತ್ತು, ಈಗ 2,500ವರೆಗೆ, ಜೈಲು ಆರು ತಿಂಗಳವರೆಗೆ. ಐದು ಜನಕ್ಕಿಂತ ಕಮ್ಮಿ ಇಲ್ಲದ ಗುಂಪು ಕಾನೂನುಬಾಹಿರ ಉದ್ದೇಶಕ್ಕೆ ಸೇರಿದರೆ ಅಕ್ರಮ ಕೂಟ. ಚದುರಿ ಅಂದ ಮೇಲೂ ಕೂತರೆ ಅದೇ ಎರಡು ವರ್ಷದವರೆಗೆ ಹೋಗುತ್ತೆ. ದಾರಿ ಅಡ್ಡಗಟ್ಟಿದ್ದು ಬೇರೆ. 223 ಒಂದೇ ಇದ್ದರೆ ಅಧಿಕಾರಿ ಸ್ವತಃ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಆ ದಾರಿ ತಪ್ಪಿದ್ದಕ್ಕೆ ಎಷ್ಟೋ 188 ಕೇಸುಗಳು ಹೈಕೋರ್ಟಿನಲ್ಲಿ ಬಿದ್ದುಹೋಗಿವೆ. ಇದು ಪೊಲೀಸರಿಗೂ ಗೊತ್ತು, ಅದಕ್ಕೇ ಜೊತೆಗೆ ಬೇರೆ ಸೆಕ್ಷನ್ ಸೇರಿಸ್ತಾರೆ.

ದಯವಿಟ್ಟು ಟಯರ್ ಸುಡಬೇಡಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ 8ಬಿ ಅಂತ ಒಂದಿದೆ. ಹಾನಿ ಮಾಡಿ ಹೆದ್ದಾರಿಯನ್ನು ಓಡಾಡದಂತೆ ಅಥವಾ ಅಪಾಯ ಆಗುವಂತೆ ಮಾಡಿದರೆ ಐದು ವರ್ಷದವರೆಗೆ. ಒಂದು ಹಳೇ ಟಯರ್‌ಗೆ ಅಷ್ಟು ಬೆಲೆ ಕೊಡಬೇಡಿ.

ಹರಿಹರ_ಪ್ಯಾಸೆಂಜರ್

ಇಷ್ಟುದ್ದ ಓದೋ ಹೊತ್ತಿಗೆ ನಾಟಿ ಸೀಸನ್ನೇ ಮುಗೀತು ಸರ್.

ಎ8

ನಾನು ಕೂತವನು. ಕೇಳಿದ್ದು ಅದನ್ನೇ ಅಲ್ವಾ, ಹೇಳ್ತೀನಿ.

ನಮ್ಮದು ರಸ್ತೆ ಗಲಾಟೆ. ಊರಿಗೆ ಬರೋ ನಾಲ್ಕು ಕಿಲೋಮೀಟರ್ ಗುಂಡಿ. ಒಬ್ಬ ಬಾಣಂತಿ ಆಟೋದಲ್ಲಿ ಬರುವಾಗ ಬಿದ್ದು ಹೊಲಿಗೆ ಬಿಚ್ಚಿತು. ಮಾರನೇ ದಿನ ಸಿಟ್ಟಿನಲ್ಲಿ ಎಲ್ಲ ಹೋಗಿ ಮೇನ್ ರೋಡಿಗೆ ಕೂತೆವು. ಅರ್ಜಿ ಇಲ್ಲ, ಏನಿಲ್ಲ. ಏಪ್ರಿಲ್ ತಿಂಗಳು. ಟಾರು ಕಾದು ಪಂಚೆಗೆ ಅಂಟಿಕೊಳ್ಳುತ್ತಿತ್ತು, ಎದ್ದಾಗ ಹಿಂದೆ ಕಪ್ಪು ಗೀಟು. ಆ ಪಂಚೆ ಇನ್ನೂ ಇದೆ.

ಎರಡೂವರೆ ಗಂಟೆ ಕೂತೆವು. ಇಂಜಿನಿಯರ್ ಬಂದರು, ತಿಂಗಳೊಳಗೆ ಮಾಡಿಸ್ತೀವಿ ಅಂದರು, ಎದ್ದೆವು. ಯಾರನ್ನೂ ಬಂಧಿಸಲಿಲ್ಲ. ಗೆದ್ದೆವು ಅಂತ ಮಿರ್ಚಿ ಮಂಡಕ್ಕಿ ತಿಂದು ಮನೆಗೆ ಹೋದೆವು.

ನಾಲ್ಕು ತಿಂಗಳಾದ ಮೇಲೆ ಸಮನ್ಸ್ ಬಂತು. ಎಫ್‌ಐಆರ್‌ನಲ್ಲಿ ಐದು ಹೆಸರು, ಆಮೇಲೆ 'ಮತ್ತು ಇತರರು'. ಆ 'ಇತರರು' ಅನ್ನೋದು ಇದೆಯಲ್ಲ, ಅದು ಬಾಯಿ ತೆರೆದ ಚೀಲ. ವಿಡಿಯೋ ನೋಡಿ, ಊರಲ್ಲಿ ಆಗದವರನ್ನು ಕೇಳಿ, ಚಾರ್ಜ್‌ಶೀಟ್ ಹೊತ್ತಿಗೆ ಹನ್ನೆರಡು ಜನ ಆದೆವು. ನಾನು ಎಂಟನೇ ಆರೋಪಿ. ನಾನು ಒಂದು ಘೋಷಣೆಯನ್ನೂ ಕೂಗಿರಲಿಲ್ಲ, ನೀರಿನ ಕ್ಯಾನ್ ತಂದಿದ್ದೆ ಅಷ್ಟೇ.

ಐದು ವರ್ಷ ನಡೀತು. ಕೋರ್ಟಿಗೆ ಇಪ್ಪತ್ತಮೂರು ಸಲ ಹೋದೆ, ಬಸ್ ಟಿಕೆಟ್ ಎಲ್ಲ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ನಿಂತರೆ ಮಧ್ಯಾಹ್ನ ಮೂರಕ್ಕೆ ಹೆಸರು ಕೂಗ್ತಾರೆ. 'ಹಾಜರ್' ಅಂದ್ರೆ ಮುಂದಿನ ತಾರೀಖು. ಅಷ್ಟೇ ಕೆಲಸ. ಅವತ್ತಿನ ಕೂಲಿ ಹೋಯ್ತು. ಎರಡು ಸಲ ತಪ್ಪಿಸಿದ್ದಕ್ಕೆ ವಾರಂಟ್ ಬಂತು, ಬೆಳಿಗ್ಗೆ ಐದಕ್ಕೆ ಪೊಲೀಸರು ಬಾಗಿಲು ಬಡಿದಾಗ ಮಗಳು ಹೆದರಿ ಅತ್ತಿದ್ದು ಇವತ್ತಿಗೂ ಮರೆತಿಲ್ಲ. ಮೊದಲ ಆರೋಪಿ ನಮ್ಮ ಲೀಡರ್. ಆ ಒಂದು ಫೋಟೋದಿಂದಲೇ ಅವರು ಮುಂದೆ ಚುನಾವಣೆ ಗೆದ್ದರು. ಅವರಿಗೆ ವಕೀಲರು ಹಾಜರಾತಿ ವಿನಾಯಿತಿ ತೆಗೆಸಿಕೊಡ್ತಿದ್ದರು. ನಮಗೆ ಆ ಅರ್ಜಿ ಇದೆ ಅಂತಾನೇ ಮೂರನೇ ವರ್ಷ ಗೊತ್ತಾಗಿದ್ದು.

ಕೊನೆಗೆ ಖುಲಾಸೆ ಆಯ್ತು. ರಸ್ತೆಯೂ ಆಯ್ತು ಅನ್ನಿ. ರಸ್ತೆ ಎರಡೇ ಮಳೆಗೆ ಹೋಯ್ತು, ಕೇಸು ಮಾತ್ರ ಐದು ವರ್ಷ ಗಟ್ಟಿ ನಿಂತಿತ್ತು.

ಮತ್ತೆ ಕೂರ್ತೀಯಾ ಅಂದ್ರೆ ಕೂರ್ತೀನಿ. ಆದರೆ ಕೂರೋ ಮೊದಲು ವಕೀಲರ ಫೀಸು ಯಾರು ಕೊಡ್ತಾರೆ ಅಂತ ಊರ ಮುಂದೆ ಕೇಳಿ ಕೂರ್ತೀನಿ.

ಕೊನೇ_ತೂಬು

ಅಣ್ಣ, ಇದನ್ನು ಓದಿ ಅವ್ವನಿಗೆ ಹೇಳಲಿಲ್ಲ.

ವಾರ್ಡ್_ನಂಬರ್_3

ನರ್ಸ್ ಕೆಲಸ ಮಾಡ್ತೀನಿ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಒಂದು ರಸ್ತೆ ತಡೆ ದಿನ ನಮಗೆ ಒಬ್ಬ ಅಜ್ಜ ಬರಬೇಕಿತ್ತು, ಎದೆನೋವು. ನಲವತ್ತು ನಿಮಿಷ ಸಾಲಿನಲ್ಲಿ ನಿಂತರು. ಆಂಬುಲೆನ್ಸ್‌ಗೆ ದಾರಿ ಬಿಡ್ತೀವಿ ಅಂತ ಎಲ್ಲರೂ ಹೇಳ್ತಾರೆ, ನಿಜಕ್ಕೂ ಬಿಡ್ತಾರೆ ಕೂಡ. ಆದರೆ ಅಜ್ಜ ಬಂದಿದ್ದು ಆಂಬುಲೆನ್ಸ್‌ನಲ್ಲಲ್ಲ, ಮಗನ ಓಮ್ನಿಯಲ್ಲಿ. ಓಮ್ನಿಗೆ ಸೈರನ್ ಇರಲ್ಲ. ಅಜ್ಜ ಉಳಿದರು, ಪುಣ್ಯ. ಕೂರಬೇಡಿ ಅನ್ನಲ್ಲ. ಒಂದು ಬದಿ ಬಿಟ್ಟು ಕೂರಿ, ಸಾಲಿನ ತುದಿವರೆಗೆ ನಡೆದುಕೊಂಡು ಹೋಗಿ ಕೇಳೋಕೆ ಇಬ್ಬರು ಹುಡುಗರನ್ನು ಇಡಿ.

ಮಂಡಿಪೇಟೆ_ಅಂಗಡಿ

ಅಕ್ಕ ಹೇಳಿದ್ದು ನೂರಕ್ಕೆ ನೂರು.

ಬೆಂಗಳೂರು_ವಾಸಿ

ಹಲೋ, ಇದೆಲ್ಲ ಯಾಕೆ? ಒಂದು ಆನ್‌ಲೈನ್ ಪಿಟಿಷನ್ ಮಾಡಿ, ಟ್ಯಾಗ್ ಮಾಡಿ, ಟ್ರೆಂಡ್ ಮಾಡಿ. ನಮ್ಮ ಲೇಔಟ್‌ನಲ್ಲಿ ಬೀದಿ ದೀಪ ಹಾಗೇ ರಿಪೇರಿ ಆಯ್ತು.

ಹರಿಹರ_ಪ್ಯಾಸೆಂಜರ್

ಹೂಳನ್ನೂ ಟ್ಯಾಗ್ ಮಾಡಿದರೆ ಎದ್ದು ಹೋಗುತ್ತಾ?

ಖಾಲಿ_ದೋಸೆ

😂😂

ಮೇಲಿನ_ಗದ್ದೆ

ಎಲ್ಲರೂ ಪೊಲೀಸು ಕಾನೂನು ಅಂತ ಮಾತಾಡ್ತಿದ್ದೀರಿ. ಯಾರೂ ಕೇಳದ ಒಂದು ಮಾತು ಕೇಳ್ತೀನಿ. ಕೊನೇ ಭಾಗಕ್ಕೆ ನೀರು ಬರದಂತೆ ಮಾಡಿದ್ದು ಯಾರು? ಹೆದ್ದಾರಿಯಲ್ಲಿ ಹೋಗೋ ತಮಿಳುನಾಡು ಲಾರಿ ಡ್ರೈವರ್ರಾ? ನಾಲೆ ಉದ್ದಕ್ಕೂ ಅಡಿಕೆ ತೋಟಕ್ಕೆ ಪಂಪ್‌ಸೆಟ್ ಇಟ್ಟಿದ್ದಾರೆ, ರಾತ್ರಿ ತೂಬು ಎತ್ತುತ್ತಾರೆ. ಅಲ್ಲಿ ಹೋಗಿ ಕೂರಲ್ಲ ನೀವು, ಯಾಕಂದ್ರೆ ಅಲ್ಲಿ ಬೀಗರು ಇದ್ದಾರೆ. ನಾನೂ ಮೇಲಿನ ಊರಿನವನೇ, ಅದಕ್ಕೇ ಗೊತ್ತು.

ಕೊನೇ_ತೂಬು

ನಿಜ ಅಣ್ಣ. ನಮ್ಮ ಅತ್ತಿಗೆಯ ತವರು ಮೇಲಿನ ಊರೇ. ಆದರೆ ಪಂಪ್ ಕಿತ್ತರೂ ಹೂಳು ಇರೋವರೆಗೆ ನಮ್ಮಲ್ಲಿಗೆ ಬರಲ್ಲ. ನಾಲೆ ನೀರು ನೋಡಿಕೊಳ್ಳೋ ಸೌಡಿ ಕೂಡ ಅದನ್ನೇ ಹೇಳ್ತಾನೆ.

ಅಡಿಕೆ_ಸಿಪ್ಪೆ

ಪಂಪ್ ಇಟ್ಟವರೆಲ್ಲ ಕಳ್ಳರಲ್ಲ. ತೋಟ ಒಣಗೋದನ್ನು ನೋಡಿಕೊಂಡು ಕೂರೋಕಾಗುತ್ತಾ? ನೀವು ನಮ್ಮ ಜಾಗದಲ್ಲಿದ್ದರೆ ನೀವೂ ಇಡ್ತಿದ್ದಿರಿ.

ಮೇಲಿನ_ಗದ್ದೆ

ಇಡ್ತಿದ್ದೆ. ಕಳ್ಳತನ ಅಂತ ಗೊತ್ತಿದ್ದೇ ಇಡ್ತಿದ್ದೆ.

ದುರ್ಗದ_ಕೋಟೆ

ನಿಮಗೆ ಜಗಳ ಆಡೋಕೆ ನಾಲೆಯಾದರೂ ಇದೆ. ನಮಗೆ ಭದ್ರಾ ನೀರು ತರೋ ಭದ್ರಾ ಮೇಲ್ದಂಡೆ ಯೋಜನೆ ಅಂತ ಹೆಸರು ಕೇಳಿಯೇ ಒಂದು ತಲೆಮಾರು ಮುದಿಯಾಯ್ತು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂದರು. ನಾವು ಪರ್ಮಿಷನ್ ತೆಗೆದುಕೊಂಡೇ ಧರಣಿ ಕೂತೆವು. ಶಿಸ್ತಾಗಿ ಕೂತೆವು. ಬಂದವರೆಲ್ಲ ಹಾರ ಹಾಕಿ ಹೋದರು. ಪರ್ಮಿಷನ್ ಇದ್ದ ಹೋರಾಟ ಅಂದ್ರೆ ಊರ ಜಾತ್ರೆಯ ಅಂಗಡಿ ಇದ್ದ ಹಾಗೆ, ಅಲ್ಲಿರುತ್ತೆ, ಯಾರಿಗೂ ತೊಂದರೆ ಇಲ್ಲ.

ಖಾಲಿ_ದೋಸೆ

ದುರ್ಗದವರೇ, ಮಾರಿಕಣಿವೆ (ವಾಣಿ ವಿಲಾಸ ಸಾಗರ) ಡ್ಯಾಮ್ ಕೋಡಿ ಬಿದ್ದಾಗ ನೋಡೋಕೆ ಹೋಗಿದ್ರಾ? 2022ರಲ್ಲಿ ನಾನು ಹೋಗಿದ್ದೆ. 1933 ಬಿಟ್ಟರೆ ಆಗಲೇ ಅಂತೆ. ಏನ್ ಜನ ಮಾರಾಯ್ರೆ, ಗಾಡಿ ಪಾರ್ಕ್ ಮಾಡಿ ಮೂರು ಕಿಲೋಮೀಟರ್ ನಡೆದೆ.

ದುರ್ಗದ_ಕೋಟೆ

ಹೋಗಿದ್ದೆ. 2025ರ ಜನವರಿಯಲ್ಲೂ ಹೋಗಿದ್ದೆ. ನಮ್ಮಜ್ಜಿ ಕೋಡಿ ನೀರು ತಲೆಗೆ ಹಾಕಿಕೊಂಡು ಅತ್ತರು.

ನಿರ್ವಾಹಕ

ವಿಷಯಕ್ಕೆ ಬನ್ನಿ. ಕೋಡಿ ಫೋಟೋಗಳಿಗೆ ಬೇರೆ ಎಳೆ ಇದೆ.

ಮಿಲ್_ಚಾಳ್

ನಮ್ಮಪ್ಪ ದಾವಣಗೆರೆ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಆಗ ಮುಷ್ಕರ ಅಂದ್ರೆ ಮೂರನೇ ಪಾಳಿ ಮುಗಿಸಿ ಬಂದವರು ಗೇಟಿನ ಮುಂದೆ ಕೂರೋದು. ಪಂಪಾಪತಿ ಅವರು ಎದ್ದು ನಿಂತರೆ ಮೈಕ್ ಬೇಕಾಗಿರಲಿಲ್ಲ ಅಂತ ಅಪ್ಪ ಹೇಳ್ತಿದ್ದರು. ಕಮ್ಯುನಿಸ್ಟ್ ಪಕ್ಷದಿಂದ ಈ ಊರು ಅವರನ್ನು ಶಾಸಕರನ್ನಾಗಿ ಕಳಿಸಿತ್ತು, ಈಗಿನ ಹುಡುಗರಿಗೆ ಹೇಳಿದರೆ ನಂಬಲ್ಲ.

ಹೇಳಬೇಕಾದ್ದು ಏನಂದ್ರೆ, ಅವರು ರಸ್ತೆಗೆ ಕೂರುತ್ತಿರಲಿಲ್ಲ, ಗೇಟಿಗೆ ಕೂರುತ್ತಿದ್ದರು. ನೂಲು ನಿಂತರೆ ಮಾಲೀಕನಿಗೆ ನಷ್ಟ, ಹಾಗಾಗಿ ಮಾಲೀಕನೇ ಮಾತಿಗೆ ಬರ್ತಿದ್ದ. ನೀವು ಹೆದ್ದಾರಿಗೆ ಕೂತರೆ ನಷ್ಟ ಇಂಜಿನಿಯರ್‌ಗಾ? ಅವರ ಜೀಪು ಆಫೀಸಿನ ಹಿಂದೆ ನೆರಳಲ್ಲಿ ನಿಂತಿರುತ್ತೆ. ಮಾತಾಡೋಕೆ ಬರೋದು ಪೊಲೀಸರು. ನಿಮ್ಮ ಜಗಳ ನೀರಿನವರ ಜೊತೆ ಶುರುವಾಗಿ ಖಾಕಿ ಜೊತೆ ಮುಗಿಯುತ್ತೆ.

ನಿವೃತ್ತ_ಖಾಕಿ

ಅಪ್ಪಟ ಸತ್ಯ. ನಮಗೆ ಬೈಸಿಕೊಂಡೇ ರಿಟೈರ್ ಆದೆ, ಯಾವ ಇಲಾಖೆ ತಪ್ಪಿಗೋ.

ಮಿಲ್_ಚಾಳ್

ಮಿಲ್ಲುಗಳೂ ಹೋದವು, ಅದನ್ನೂ ಹೇಳಿಬಿಡ್ತೀನಿ. ಮುಷ್ಕರದಿಂದ ಹೋದವು ಅಂತ ಒಬ್ಬರು, ಹಳೇ ಯಂತ್ರದಿಂದ ಅಂತ ಇನ್ನೊಬ್ಬರು. ನಮ್ಮ ಮನೆಯಲ್ಲಿ ಹಬ್ಬದ ದಿನ ಈಗಲೂ ಈ ಜಗಳ ನಡೆಯುತ್ತೆ.

ಅಂಗನವಾಡಿ_ಅಕ್ಕ

ನಾವು ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದವರು. ಬೆಂಗಳೂರಿನಲ್ಲಿ 2021ರ ಆದೇಶ ಬಂದ ಮೇಲೆ ಧರಣಿ ಅಂದ್ರೆ ಅದೊಂದೇ ಜಾಗ. ಹಳೇ ಜೈಲು ಅದು, ಗೊತ್ತಲ್ಲ. ರೈಲಿಳಿದು ಮೆರವಣಿಗೆಯಲ್ಲಿ ಹೋಗೋಕೂ ಬಿಡಲ್ಲ, ಬಸ್ಸಿನಲ್ಲಿ ತಂದು ಒಳಗೆ ಬಿಡ್ತಾರೆ. ಅನುಮತಿ ಇತ್ತು, ಎಲ್ಲ ಇತ್ತು. ಶೌಚಾಲಯಕ್ಕೆ ಮಾತ್ರ ಒಂದು ಗಂಟೆ ಸಾಲು. ಮಳೆ ಬಂದಾಗ ಸೀರೆ ಹಿಂಡಿಕೊಂಡು ಮತ್ತೆ ಅದನ್ನೇ ಉಟ್ಟೆವು. ನಾವು ಎದ್ದು ಬರಲಿಲ್ಲ, ಕೊನೆಗೆ ಮಾತುಕತೆಗೆ ಕರೆದರು. ಹಾಗಾಗಿ ಅನುಮತಿ ಇದ್ದರೆ ಕೆಲಸ ಆಗಲ್ಲ ಅನ್ನೋದು ಸುಳ್ಳು. ಜನ ಬೇಕು, ದಿನ ಬೇಕು.

ಇನ್ನೊಂದು ಮಾತು ತಮ್ಮ. ಹೆಂಗಸರನ್ನು ಮುಂದೆ ಕೂರಿಸಿ, ಪೊಲೀಸರು ಮುಟ್ಟಲ್ಲ ಅಂತ ಊರಲ್ಲಿ ಯಾರೋ ಒಬ್ಬರು ಹೇಳೇ ಹೇಳ್ತಾರೆ. ಕೂರಿಸಬೇಡ. ನಾವು ಗುರಾಣಿ ಅಲ್ಲ. ಗದ್ದೆಗೆ ನಾಟಿ ಹಾಕೋದು ನಾವೇ, ಬರೋದಾದರೆ ನಮ್ಮ ಇಷ್ಟದಿಂದ ಬರ್ತೀವಿ, ಮೈಕ್ ಕೊಡಿ.

ಹರಿಹರ_ಪ್ಯಾಸೆಂಜರ್

ದೇವನಹಳ್ಳಿ ನೋಡಿ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ. ಮೂರು ವರ್ಷ ಕೂತರು. 2025ರ ಜೂನ್‌ನಲ್ಲಿ ಪೊಲೀಸರು ಎಳೆದುಹಾಕಿದರು. ಜುಲೈ 15ಕ್ಕೆ ಸರ್ಕಾರವೇ ಭೂಸ್ವಾಧೀನ ಕೈಬಿಟ್ಟಿತು. ಎಳೆದುಹಾಕಿದ್ದಕ್ಕೇ ಗೆದ್ದಿದ್ದು ಅಂತ ನನ್ನ ಲೆಕ್ಕ.

ಹಳೇ_ಮೇಷ್ಟ್ರು

ಎಳೆದುಹಾಕಿದ್ದು ಒಂದು ದಿನ. ಅದಕ್ಕೆ ಮುಂಚೆ ಸಾವಿರಕ್ಕಿಂತ ಹೆಚ್ಚು ದಿನ ಟೆಂಟಿನಲ್ಲಿ ಕೂತಿದ್ದರಲ್ಲ, ಅದನ್ನು ಯಾಕೆ ನುಂಗ್ತೀರಿ? ಆ ದಿನಗಳು ಇಲ್ಲದಿದ್ದರೆ ಎಳೆದುಹಾಕಿದ್ದು ಒಂದು ಸಣ್ಣ ಸುದ್ದಿ.

ಪೆನ್ನು_ಪೇಪರ್

ನಾನೂ ಪಿಎಸ್‌ಐಗೆ ಓದ್ತಿರೋನು. ತಮ್ಮನ ವಿಷಯ ಯಾರೂ ಉತ್ತರ ಕೊಡಲಿಲ್ಲ. ಕೇಸಾದರೆ ವೆರಿಫಿಕೇಷನ್‌ನಲ್ಲಿ ಹೋಗೇ ಬಿಡುತ್ತಾ?

ಕರಿಕೋಟು

ಹೋಗೇ ಬಿಡುತ್ತೆ ಅಂತಿಲ್ಲ. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಓದಿ. ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಅಧಿಕಾರಿ ಬದಿಗೆ ಸರಿಸಬಹುದು. ಆದರೆ ಫಾರಂನಲ್ಲಿ 'ಕೇಸು ಇದೆಯಾ' ಅಂತ ಕೇಳಿದ ಕಡೆ 'ಇಲ್ಲ' ಅಂತ ಬರೆದು ಸಿಕ್ಕಿಬಿದ್ದರೆ ಆ ಸುಳ್ಳೇ ಮುಳುಗಿಸುತ್ತೆ. ಇದು ಕಾನೂನಿನ ಮಾತು. ಅಣ್ಣನಾಗಿ ಹೇಳೋದಾದರೆ, ಪೊಲೀಸ್ ಕೆಲಸಕ್ಕೆ ಓದೋ ಹುಡುಗ ಅವತ್ತು ಗದ್ದೆ ಬದುವಿನ ಮೇಲಿರಲಿ.

ಮುಂದೆ ಸರ್ಕಾರ ಕೇಸು ವಾಪಸ್ ತಗೊಳ್ಳುತ್ತೆ ಅನ್ನೋ ಧೈರ್ಯದ ಮೇಲೂ ಕೂರಬೇಡಿ. ಸರ್ಕಾರ ಹೀಗೆ 43 ಕೇಸು ವಾಪಸ್ ಪಡೆದ ಆದೇಶವನ್ನು 2025ರಲ್ಲಿ ಹೈಕೋರ್ಟ್ ರದ್ದು ಮಾಡಿದೆ. ಅವು ರೈತರ ಕೇಸಲ್ಲ, ಬೇರೆ. ಆದರೂ ಬಾಗಿಲು ಮೊದಲಿನಷ್ಟು ಅಗಲ ಇಲ್ಲ.

ಈಗ ಉಪಯೋಗದ ಮಾತು. ನೀವು ಕೇಳಿದ್ದು ಅನುಮತಿ, ಅವರು ಬಾಯಲ್ಲಿ ಬೇಡ ಅಂದರು. ಇನ್ನೊಂದು ಪತ್ರ ಬರೀರಿ, ಈ ಸಲ ಮಾಹಿತಿ ಪತ್ರ. ಇಂಥ ದಿನ, ಇಂಥ ಹೊತ್ತಿಗೆ, ಇಷ್ಟು ಜನ, ಇಂಥ ಕಚೇರಿ ಮುಂದೆ, ರಸ್ತೆಗೆ ತೊಂದರೆ ಇಲ್ಲ, ಇಂಥ ಇಬ್ಬರು ಜವಾಬ್ದಾರಿ. ಸ್ವೀಕೃತಿ ಸೀಲು ಹಾಕಿಸಿ. ಹಾಕಲ್ಲ ಅಂದರೆ ರಿಜಿಸ್ಟರ್ ಪೋಸ್ಟ್ ಮಾಡಿ. ಇದರಿಂದ ಕೇಸು ಬೀಳಲ್ಲ ಅಂತ ನಾನು ಬರೆದುಕೊಡಲ್ಲ. ಬಿದ್ದರೆ ಜಡ್ಜ್ ಮುಂದೆ ತೋರಿಸೋಕೆ ಒಂದು ಹಾಳೆ ಇರುತ್ತೆ.

ಎ8

ಹೌದು, ಹಾಳೆ ಇರಲಿ. ಅವರ ಹತ್ತಿರ ಒಂದು ಹಾಳೆ ಇರುತ್ತಲ್ಲ, ನಿಮ್ಮ ಹತ್ತಿರವೂ ಒಂದಿರಲಿ. ಮತ್ತೆ ಎದ್ದು ಬರುವ ಮೊದಲು ಬರೆಸಿಕೊಳ್ಳಿ. ನಾವು 'ತಿಂಗಳೊಳಗೆ' ಅನ್ನೋ ಬಾಯಿಮಾತಿಗೆ ಎದ್ದೆವು. ಯಾವ ತಿಂಗಳು ಅಂತ ಕೇಳಲೇ ಇಲ್ಲ.

ಮೇಲಿನ_ಗದ್ದೆ

'ಕೊನೇ ಭಾಗಕ್ಕೆ ನೀರು ಕೊಡಿ' ಅಂತ ಕೇಳಬೇಡಿ. ಅದನ್ನು ಕೇಳಿ ಕೇಳಿ ಅವರಿಗೂ ಬಾಯಿಪಾಠ ಆಗಿದೆ. 'ಇಂಥ ತೂಬಿನಿಂದ ಇಂಥ ತೂಬಿನವರೆಗೆ ಹೂಳು ತೆಗೆಯಿರಿ, ಜೆಸಿಬಿ ಯಾವತ್ತು ಬರುತ್ತೆ' ಅಂತ ಕೇಳಿ.

ಖಾಲಿ_ದೋಸೆ

ಹೂಳನ್ನೇ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಆಫೀಸಿನ ಮೆಟ್ಟಿಲ ಮೇಲಿಡಿ ಅಣ್ಣ. ಸುಮ್ನೆ ಹೇಳಿದೆ.

ಕೊನೇ_ತೂಬು

ಸುಮ್ನೆ ಹೇಳಿದ್ದೇ ಚೆನ್ನಾಗಿದೆ.

ಕೊನೇ_ತೂಬು

(ಹದಿನಾರು ದಿನದ ನಂತರ)

ಕೇಳಿದವರಿಗೆಲ್ಲ ಉತ್ತರ ಇಲ್ಲಿಯೇ ಬರೀತೀನಿ. ಹೆದ್ದಾರಿ ಬಿಟ್ಟೆವು. ಅದಕ್ಕೇ ಊರಲ್ಲಿ ಒಂದು ರಾತ್ರಿ ಜಗಳ ಆಯ್ತು, ಅರ್ಧ ಜನ ನನ್ನನ್ನು ಹೇಡಿ ಅಂದರು. ಮಾಹಿತಿ ಪತ್ರ ರಿಜಿಸ್ಟರ್ ಪೋಸ್ಟ್ ಮಾಡಿದೆವು, ಸೀಲು ಹಾಕಿಕೊಡಲಿಲ್ಲ. ಸೋಮವಾರ ಬದಲು ಬುಧವಾರ ಆಫೀಸ್ ಗೇಟಿಗೆ ಎಪ್ಪತ್ತು ಜನ ಹೋದೆವು, ಹೆಂಗಸರು ಮೂವತ್ತು. ಅಕ್ಕೋರೇ, ಮೈಕ್ ನಮ್ಮ ಅತ್ತಿಗೆ ಕೈಯಲ್ಲೇ ಇತ್ತು. ತನ್ನ ತವರಿನವರ ಪಂಪ್‌ಸೆಟ್ ಬಗ್ಗೆಯೂ ಮಾತಾಡಿದಳು. ಈಗ ಅಣ್ಣನ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡ್ತಿಲ್ಲ.

ಹನ್ನೆರಡು ಬುಟ್ಟಿ ಹೂಳು ತಂದಿದ್ದೆವು. ಗೇಟಿನ ಹತ್ತಿರ ಸುರಿದೆವು. ಒಂದರಲ್ಲಿ ಏಡಿ ಇತ್ತು, ಅದು ನಿಧಾನಕ್ಕೆ ಆಫೀಸ್ ಒಳಗೆ ಹೋಯ್ತು. ಎಲ್ಲರೂ ನಕ್ಕರು, ಪೊಲೀಸರೂ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಕೂತೆವು. 'ಬರೆದುಕೊಡಿ' ಅನ್ನೋದು ಬಿಟ್ಟು ಬೇರೆ ಮಾತಾಡಲಿಲ್ಲ. ಕೊನೆಗೆ ಲೆಟರ್‌ಹೆಡ್‌ನಲ್ಲಿ ತಾರೀಖು ಹಾಕಿ ಕೊಟ್ಟರು. ಜೆಸಿಬಿ ಎರಡು ದಿನ ತಡವಾಗಿ ಬಂತು, ಮುಕ್ಕಾಲು ಭಾಗ ತೆಗೆದು ಡೀಸೆಲ್ ಇಲ್ಲ ಅಂತ ಹೋಯ್ತು. ಉಳಿದದ್ದು ನಾವೇ ಗುದ್ದಲಿ ಹಿಡಿದು ತೆಗೆದೆವು. ಮೊನ್ನೆ ರಾತ್ರಿ ಹನ್ನೊಂದಕ್ಕೆ ನೀರು ಬಂತು, ಪಾದ ಮುಳುಗುವಷ್ಟು. ನಮ್ಮ ಮಡಿಯ ಸಸಿ ಬಲಿತು ಹೋಗಿತ್ತು. ಸಸಿ ಸಾಲ ತಂದು ಎರಡು ಎಕರೆಗೆ ಮಾತ್ರ ನಾಟಿ ಹಾಕಿದ್ದೇವೆ, ಉಳಿದ ಒಂದೂವರೆ ಬೀಳು.

ಆರು ಜನರ ಮೇಲೆ ಕೇಸಾಗಿದೆ. ಕಚೇರಿ ಕೆಲಸಕ್ಕೆ ಅಡ್ಡಿ ಅಂತಲೂ ಇದೆ. ನಾನು ಎರಡನೇ ಆರೋಪಿ. ಆರು ಹೆಸರಿನ ಕೆಳಗೆ 'ಮತ್ತು ಇತರರು' ಅಂತ ಬರೆದಿದ್ದಾರೆ ಎ8 ಅಣ್ಣ. ತಮ್ಮ ಅವತ್ತು ಲೈಬ್ರರಿಯಲ್ಲಿದ್ದ. ಕೂರೋ ಮೊದಲು ಮನೆಗೆ ಇನ್ನೂರು ರೂಪಾಯಿ ಸೇರಿಸಿ ಇಟ್ಟಿದ್ದೆವು, ಒಟ್ಟು ಹದಿನಾಲ್ಕು ಸಾವಿರ ಇದೆ.

ಕರಿಕೋಟು ಸರ್, ನಿಮಗೆ ಮೆಸೇಜ್ ಹಾಕಿದ್ದೀನಿ. ನೋಟಿಸ್ ಫೋಟೋನೂ ಇದೆ. ಫೀಸು ಎಷ್ಟು ಅಂತ ಹೇಳಿ.

ಕರಿಕೋಟು

ನೋಡಿದೆ. ಫೀಸು ಆಮೇಲೆ. ಪೋಸ್ಟಿನ ರಸೀದಿ ಜೋಪಾನ ಮಾಡಿ, ಲೆಟರ್‌ಹೆಡ್ ಪತ್ರ ನಾಲ್ಕು ಜೆರಾಕ್ಸ್ ಮಾಡಿಸಿ, ಒರಿಜಿನಲ್ ಯಾರ ಕೈಗೂ ಕೊಡಬೇಡಿ. ಗುರುವಾರ ಹತ್ತಕ್ಕೆ ಕೋರ್ಟ್ ಹತ್ತಿರ ಬನ್ನಿ, ಆರೂ ಜನ. ಆಧಾರ್ ತನ್ನಿ.

ಖಾಲಿ_ದೋಸೆ

ಏಡಿ ಸಿಕ್ತಾ?